ತಾಯಿಯ ಬೆನ್ನ ಮೇಲಿನ ಮಗು

ಯೋಸೀನ ಹಾಲನ್ನು ಮೂರು ಸಲ ಮೂಸದೆ ಒಲೆಯ ಮೇಲಿಟ್ಟವಳಲ್ಲ. ಹಾಲಿನವಳ ಎದುರಿಗೇ ಒಂದು ಸಲ, ಅವಳನ್ನು ಕಳಿಸಿ ಬಾಗಿಲು ಹಾಕಿದ ಮೇಲೆ ಒಂದು ಸಲ, ಅತ್ತೆ ಅಡುಗೆಮನೆಯಿಂದ ಆಚೆ ಹೋದ ಮೇಲೆ ಇನ್ನೊಂದು ಸಲ. ಆಂಟ್ವೆರ್ಪಿನ ದೊಡ್ಡ ಇಗರ್ಜಿಯ ಹಿಂದಿನ ಆ ಓಣಿಯಲ್ಲಿ ಇದನ್ನು ಹೇಳಿಕೊಂಡು ನಗದವರಿರಲಿಲ್ಲ. ಆದರೆ ವಾದ್ಯ ಮಾಡುವ ಗೊಮ್ಮಾರ್ ಯಜಮಾನರು ಮಾತ್ರ ನಗುತ್ತಿರಲಿಲ್ಲ. ಎಲ್ಲವೂ ಸರಿಯಾಗಿದೆ ಎಂದು ನಂಬದಿರುವುದೇ ಅವಳ ಕಸುಬಿನ ಬಂಡವಾಳವೆಂದು ಅವರಿಗೆ ಗೊತ್ತಿತ್ತು.

ಅವಳದು ಕಾಗೆಗರಿಯ ಕೆಲಸ. ಹಾರ್ಪ್ಸಿಕಾರ್ಡ್ ಎಂಬ ತಂತಿವಾದ್ಯದ ಒಳಗೆ, ಬೆರಳಿನಿಂದ ಒತ್ತುವ ಪ್ರತಿ ಕೀಲಿಯ ಬಾಲದ ಮೇಲೂ ಒಂದು ತೆಳು ಮರದ ಕಡ್ಡಿ ನಿಂತಿರುತ್ತದೆ. ಕಡ್ಡಿಯ ತಲೆಯಲ್ಲೊಂದು ಪುಟ್ಟ ನಾಲಿಗೆ, ನಾಲಿಗೆಯಿಂದ ಉಗುರಿನ ಹಾಗೆ ಚಾಚಿದ ಗರಿಯ ಮೊನೆ. ಕೀಲಿ ಒತ್ತಿದರೆ ಕಡ್ಡಿ ಏಳುತ್ತದೆ, ಮೊನೆ ತಂತಿಯನ್ನು ಮೀಟುತ್ತದೆ. ಬಿಟ್ಟರೆ ನಾಲಿಗೆ ಹಿಂದಕ್ಕೆ ಬಾಗಿ, ತಂತಿಯನ್ನು ದಾಟಿ ಕೆಳಗಿಳಿಯುತ್ತದೆ. ನಾಲಿಗೆಯನ್ನು ಮತ್ತೆ ಜಾಗಕ್ಕೆ ತರುವುದು ಹಂದಿಯದೊಂದು ಒರಟು ಕೂದಲು. ಮೊನೆ ಕೂದಲೆಳೆಯಷ್ಟು ದಪ್ಪವಾದರೆ ಸ್ವರ ಬೊಗಳುತ್ತದೆ, ಅಷ್ಟೇ ತೆಳುವಾದರೆ ಗೊಣಗುತ್ತದೆ.

ಇಗರ್ಜಿಯ ಆರ್ಗನ್ನಿಗೆ ಉಸಿರಿದೆ. ಕನ್ಯಾಸ್ತ್ರೀಯರ ಮಠದ ಕ್ಲಾವಿಕಾರ್ಡಿಗೆ ಬೆರಳಿನ ಗುಟ್ಟು ತಿಳಿಯುತ್ತದೆ. ಮೆಲ್ಲಗೆ ಮುಟ್ಟಿದರೆ ಮೆಲ್ಲಗೆ ಅಳುತ್ತದೆ. ಹಾರ್ಪ್ಸಿಕಾರ್ಡಿಗೆ ಇವೆರಡೂ ಇಲ್ಲ. ಪ್ರೀತಿಯಿಂದ ಒತ್ತಿದರೂ ಅದೇ ದನಿ, ಸಿಟ್ಟಿನಿಂದ ಗುದ್ದಿದರೂ ಅದೇ ದನಿ. ಮನಸ್ಸಿನಲ್ಲೇನಿದೆ ಎಂಬುದನ್ನು ಅದು ಬಿಟ್ಟುಕೊಡುವುದಿಲ್ಲ. ನಮ್ಮತ್ತೆಯ ಹಾಗೆ, ಎಂದು ಯೋಸೀನ ಅಂದುಕೊಳ್ಳುತ್ತಿದ್ದಳು.

ಅವಳ ಅಪ್ಪ ಸಂತೆಯಲ್ಲಿ ಹೆಬ್ಬಾತು ಮಾರುತ್ತಿದ್ದ. ಮನೆ ತುಂಬ ಪುಕ್ಕ. ಕೆಮ್ಮಿದರೂ ಬಾಯಿಂದ ಪುಕ್ಕ. ಅವಳಿಗೆ ಹತ್ತು ತುಂಬಿದಾಗ ಅಪ್ಪನ ಅಕ್ಕ, ವಾದ್ಯಗಳಿಗೆ ಗರಿ ಕತ್ತರಿಸುವ ವಾಲ್ಬುರ್ಗ್, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಗೆ ಚಾಕು ಕೊಟ್ಟಳು. ಜೊತೆಗೆ ಬುದ್ಧಿಮಾತುಗಳನ್ನೂ ಕೊಟ್ಟಳು. "ಕಾಗೆ ತಾನಾಗಿ ಉದುರಿಸಿದ ಗರಿ ತಗೋಬೇಡ, ಅದರ ಜೀವ ಹೋಗಿರುತ್ತೆ. ಚಾಕು ಮೇಲಿಂದ ಎಳೀಬೇಡ, ಕೆಳಗಿಂದ ಎಳಿ. ಮಗುವಿನ ಗರೀನ ತಾಯಿ ಬೆನ್ನ ಮೇಲೇ ಕತ್ತರಿಸು. ಕೆಲಸ ಮಾಡ್ತಾ ಯಾರ ಮೇಲೂ ಹಲ್ಲು ಕಡೀಬೇಡ, ಕೈ ನಡುಗುತ್ತೆ." ತನಗೊಂದು ಮಗಳು ಹುಟ್ಟುವವರೆಗೆ, ಕೊನೆಯದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಯೋಸೀನ ಪಾಲಿಸಿಕೊಂಡು ಬಂದಳು.

ತಾಯಿ-ಮಗು ಎಂದರೆ ಆ ಊರಿನ ಯಜಮಾನರು ಮಾಡುತ್ತಿದ್ದ ಒಂದು ಜೋಡಿ. ತಾಯಿಯೆಂದರೆ ಮೇಜಿನಷ್ಟು ಉದ್ದದ, ಪೆಟ್ಟಿಗೆಯಂಥ ಹಾರ್ಪ್ಸಿಕಾರ್ಡ್. ಅದರ ಮುಂಭಾಗದಲ್ಲಿ, ಕೀಲಿಮಣೆಯ ಪಕ್ಕಕ್ಕೆ, ಒಂದು ಗೂಡು. ಗೂಡಿನೊಳಗೆ ಅಂಥದ್ದೇ ಪುಟ್ಟ ವಾದ್ಯ, ಮೇಜಿನ ಖಾನೆಯಂತೆ ಎಳೆದರೆ ಹೊರಬರುವ ಮಗು. ಮಗುವನ್ನು ಬೇರೆಯಾಗಿಯೂ ಬಾರಿಸಬಹುದು. ತಾಯಿಯ ಬೆನ್ನ ಮೇಲೆ ಕೂರಿಸಿದರಂತೂ ತಾಯಿಯ ಕಡ್ಡಿಗಳು ಎದ್ದು ಮಗುವಿನ ಕೀಲಿಗಳನ್ನು ಕೆಳಗಿನಿಂದ ತಳ್ಳುತ್ತವೆ. ಒಬ್ಬರ ಹತ್ತು ಬೆರಳಿಗೆ ಎರಡೂ ಒಟ್ಟಿಗೆ ಹಾಡುತ್ತವೆ.

ಮಗಳು ಲೀನ್ಕೆಗೆ ಎಂಟು ತಿಂಗಳಾಗಿದ್ದಾಗ ರೇಷ್ಮೆ ವ್ಯಾಪಾರಿ ಸ್ಟೆವೆನ್ಸರ ಮನೆಯ ತಾಯಿ-ಮಗುವಿಗೆ ಹೊಸ ಗರಿ ಹಾಕುವ ಕೆಲಸ ಬಂತು. ಗಂಡ ಲೇನಾರ್ಟ್ ನದಿಯ ದೋಣಿಯಲ್ಲಿ ದುಡಿಯುವವನು. ಹದಿನೈದು ದಿನಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಮನೆಯಲ್ಲಿ ಇವಳು, ಮಗು, ಅತ್ತೆ ದಿಗ್ನಾ.

"ಅವರ ಮನೇಗೇ ಹೋಗಿ ಕೂತು ಮಾಡಿ ಬಾರವ್ವ," ಎಂದರು ಗೊಮ್ಮಾರ್.

"ಆ ಬೀದೀಲಿ ಒಂದು ಬಾಗಿಲಿಗೆ ಹುಲ್ಲಿನ ಕಟ್ಟು ನೇತು ಹಾಕಿದಾರೆ ಯಜಮಾನ್ರೇ. ಕಣ್ಣಾರೆ ನೋಡಿದೀನಿ."

ಬಾಗಿಲಿಗೆ ಹುಲ್ಲಿನ ಕಟ್ಟು ಎಂದರೆ ಆ ಊರಿನಲ್ಲಿ ಒಳಗೆ ಮಾರಿ ಹೊಕ್ಕಿದೆ ಎಂದರ್ಥ. ಗೊಮ್ಮಾರ್ ಹಣೆ ಚಚ್ಚಿಕೊಂಡರು. "ಅದು ಗಾಜಿನಂಗಡಿ ಕಣವ್ವಾ! ಹೂಜಿ ಸುತ್ತೋ ಹುಲ್ಲು ಅದು."

"ಮಾರಿ ಬಂದ ಮನೆಯವರೂ ಹಾಗೇ ಹೇಳ್ಕೋತಾರೆ. ಮಗು ಇರೋಳು ನಾನು. ತಾಯಿ ಅಲ್ಲೇ ಇರ್ಲಿ, ಅದರ ಗರಿಗಳು ಇನ್ನೂ ಗಟ್ಟಿಯಾಗೇ ಇವೆ ಅಂತ ನೀವೇ ಹೇಳಿದ್ರಿ. ಮಗೂನ ಮಾತ್ರ ಇಲ್ಲಿಗೆ ಕಳಿಸಿ."

ಗೊಮ್ಮಾರ್‌ಗೆ ಬೇರೆ ಹತ್ತು ಕೆಲಸ. ಸರಿ ಎಂದುಬಿಟ್ಟರು. ಮಗು ಹೊರೆಯಾಳಿನ ತಲೆಯ ಮೇಲೆ ಬಂತು. ಯೋಸೀನ ಅದನ್ನು ವಿನೆಗರಿನ ಬಟ್ಟೆಯಿಂದ ಒರೆಸಿ, ಒಂದು ದಿನ ಅಂಗಳದಲ್ಲಿ ಗಾಳಿಗಿಟ್ಟು, ಆಮೇಲೆ ಒಳಗೆ ತಂದಳು. ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ನಲವತ್ತೈದು ಕಡ್ಡಿಗೂ ಗರಿ ತೊಡಿಸಿದಳು. ಒತ್ತಿ ನೋಡಿದರೆ ಬೆಳ್ಳಿಯ ಗಂಟೆ ನುಡಿದ ಹಾಗೆ. ತೊಟ್ಟಿಲಲ್ಲಿದ್ದ ಲೀನ್ಕೆ ಕಾಲು ಬಡಿದು ಕೇಕೆ ಹಾಕಿತು.

ಒಂದು ವಾರಕ್ಕೆ ವಾದ್ಯ ವಾಪಸು ಬಂತು. ಏಳು ಸ್ವರಗಳು ಮೂಕ.

ಯೋಸೀನ ಕಡ್ಡಿಗಳನ್ನು ಎತ್ತಿ ನೋಡಿದಳು. ಗರಿ ಸವೆದಿದ್ದರೆ ತುದಿಯಲ್ಲಿ ಸವೆಯಬೇಕು, ಮುರಿದಿದ್ದರೆ ಬುಡದಲ್ಲಿ ಮುರಿಯಬೇಕು. ಇವು ನಡುವಿನಲ್ಲಿ ಬಾಗಿದ್ದವು, ಯಾರೋ ಉಗುರಿನಿಂದ ಹಿಡಿದು ಮಡಚಿದಂತೆ.

"ಪೆರೋನಳ ಕೆಲಸ," ಎಂದಳು ಯೋಸೀನ. ಪೆರೋನ ಪಕ್ಕದ ಓಣಿಯ ವಿಧವೆ. ಅವಳೂ ಗರಿ ಕತ್ತರಿಸುವವಳೇ. ಯಜಮಾನರ ಅಂಗಡಿಯ ಮುಂದೆ ದಿನಕ್ಕೆರಡು ಬಾರಿ ಸುಳಿದಾಡುವವಳು.

"ಪೆರೋನ ಸ್ಟೆವೆನ್ಸರ ಮನೆಗೆ ಹಾರಿಕೊಂಡು ಹೋದ್ಲಾ, ಕಾಗೆ ಥರ?" ಎಂದಳು ದಿಗ್ನಾ, ಮಗುವಿನ ಬಟ್ಟೆ ಹಿಂಡುತ್ತ.

"ಅವಳು ಆ ಬೀದೀಲಿ ಮೀನು ತಗೋತಾಳೆ ಅತ್ತೆ. ನಂಗೊತ್ತು."

"ಊರಿಗೂರೇ ಅಲ್ಲಿ ಮೀನು ತಗೊಳುತ್ತೆ. ಊರೆಲ್ಲಾ ಸೇರಿ ನಿನ್ನ ಗರಿ ಮಡಚ್ತಾ?"

ಎರಡನೆಯ ಸಲ ಯೋಸೀನ ಉಪಾಯ ಮಾಡಿದಳು. ಪ್ರತಿ ಗರಿಯ ಅಡಿಗೂ ಸೂಜಿಮೊನೆಯಿಂದ ಮಸಿಯ ಚುಕ್ಕೆಯಿಟ್ಟು ಕಳಿಸಿದಳು. ಯಾರಾದರೂ ತನ್ನ ಗರಿ ಕಿತ್ತು ಕೆಟ್ಟದ್ದನ್ನು ತೊಡಿಸುತ್ತಿದ್ದರೆ ಸಿಕ್ಕಿಬೀಳಲಿ. ಐದು ದಿನಕ್ಕೇ ವಾದ್ಯ ಹಿಂದಿರುಗಿತು. ಚುಕ್ಕೆಗಳೆಲ್ಲ ಇದ್ದಲ್ಲೇ ಇದ್ದವು. ಬಾಗಿದ ಗರಿಗಳು ಮಾತ್ರ ಒಂಬತ್ತಾಗಿದ್ದವು.

ಅಂದರೆ ಗರಿ ಬದಲಾಗಿಲ್ಲ. ತನ್ನ ಗರಿಯನ್ನೇ ಯಾರೋ ಮಡಚುತ್ತಿದ್ದಾರೆ. ಅದು ಅಲ್ಲಿಯೇ ಆಗಬೇಕೆಂದೇನು? ಇಲ್ಲಿಂದ ಹೊರಡುವ ಮೊದಲೇ ಆಗಿರಬಹುದಲ್ಲ? ಈ ಯೋಚನೆ ತಲೆಗೆ ಹೊಕ್ಕಿದ್ದೇ ತಡ, ಯೋಸೀನಳಿಗೆ ಅತ್ತೆಯ ಹತ್ತು ಬೆರಳಿನ ಹತ್ತು ಉಗುರುಗಳೂ ಉದ್ದವಾಗಿ ಕಾಣತೊಡಗಿದವು.

ಅತ್ತೆಯ ಮೇಲೆ ಮೊದಲೇ ಒಂದು ಗುಮಾನಿಯಿತ್ತು. ಯೋಸೀನ ಕಡ್ಡಿಗಳ ಕಟ್ಟು ಹೊತ್ತು ಅಂಗಡಿಗೆ ಹೋದ ದಿನಗಳಲ್ಲೆಲ್ಲ ಲೀನ್ಕೆ ಮಧ್ಯಾಹ್ನದಿಂದ ಸಂಜೆಯ ಗಂಟೆಯವರೆಗೆ ಕದಲದೆ ಮಲಗಿರುತ್ತಿತ್ತು. ಇವಳು ಮನೆಯಲ್ಲಿದ್ದರೆ ಅದೇ ಮಗು ಎಲೆ ಅಲುಗಿದರೂ ಏಳುತ್ತಿತ್ತು. ಗಸಗಸೆ ಕಾಯಿ ಕುದಿಸಿದ ನೀರನ್ನು ಮಕ್ಕಳಿಗೆ ಕುಡಿಸುವ ಮುದುಕಿಯರು ಓಣಿಯಲ್ಲಿ ಇಬ್ಬರಿದ್ದರು. ಒಂದು ಮಗು ಹಾಗೆ ಮಲಗಿದ್ದು ಏಳಲೇ ಇಲ್ಲ ಎಂಬ ಮಾತೂ ಇತ್ತು. ಯೋಸೀನ ಮನೆಗೆ ಬಂದವಳೇ ಮಗುವಿನ ಬಾಯಿ ಮೂಸುತ್ತಿದ್ದಳು. ಏನೋ ವಾಸನೆ ಇರುತ್ತಿತ್ತು, ಏನೆಂದು ಹಿಡಿಯಲಾಗುತ್ತಿರಲಿಲ್ಲ.

ಮೂರನೆಯ ಸಲ ಗರಿ ತೊಡಿಸಿದವಳು ವಾದ್ಯದ ಮುಚ್ಚಳಕ್ಕೆ ಅಡ್ಡಲಾಗಿ ತನ್ನದೊಂದು ಕೂದಲಿಟ್ಟು ಭಾನುವಾರದ ಪೂಜೆಗೆ ಹೋದಳು. ಬಂದು ನೋಡಿದರೆ ಕೂದಲು ಮಾಯ.

"ಅತ್ತೆ, ಪೆಟ್ಟಿಗೆ ಮುಟ್ಟಿದ್ರಾ?"

"ಧೂಳು ಒರೆಸಿದೆ. ಅದೂ ತಪ್ಪಾ?"

"ಮುಚ್ಚಳದ ಮೇಲೆ ಒಂದು ಕೂದಲಿತ್ತು."

"ಇತ್ತು, ನಿಂದೇ. ಸಾರಲ್ಲೂ ಸಿಗುತ್ತೆ, ಹಾಸಿಗೇಲೂ ಸಿಗುತ್ತೆ. ಎಲ್ಲಾ ಎತ್ತಿಟ್ಕೊಂಡಿದ್ರೆ ಇಷ್ಟೊತ್ತಿಗೆ ನಿನ್ ಗಂಡಂಗೆ ಒಂದು ಟೋಪಿ ಹೆಣೀಬಹುದಿತ್ತು." ದಿಗ್ನಾ ಕೈಯೊರೆಸಿಕೊಂಡು ಎದುರಿಗೆ ಬಂದು ನಿಂತಳು. "ಕೇಳೋದಿದ್ರೆ ನೆಟ್ಟಗೆ ಕೇಳಮ್ಮ. ಕೂದಲಿನ ಕೈಲಿ ಯಾಕೆ ಕೇಳಿಸ್ತೀಯ?"

ಯೋಸೀನ ಕೇಳಲಿಲ್ಲ. ನಲವತ್ತೈದು ಕಡ್ಡಿಗಳನ್ನೂ ತೆಗೆದು ನೋಡಿದಳು. ಒಂದೂ ಬಾಗಿರಲಿಲ್ಲ. ಬಹುಶಃ ಅತ್ತೆಗೆ ಸಮಯ ಸಾಲಲಿಲ್ಲವೇನೋ. ಸೋಮವಾರ ವಾದ್ಯವನ್ನು ಕಳಿಸಿಕೊಟ್ಟಳು.

ಬುಧವಾರ ಮುಂಜಾನೆ ಗೊಮ್ಮಾರ್ ಯಜಮಾನರೇ ಬಾಗಿಲಿಗೆ ಬಂದರು. ಅವರು ಹಾಗೆ ಬರುವವರಲ್ಲ. ಹಿಂದೆ ಹೊರೆಯಾಳು, ಅವನ ತಲೆಯ ಮೇಲೆ ಮಗು.

"ಹನ್ನೊಂದು ಗರಿ," ಎಂದರು. "ಸ್ಟೆವೆನ್ಸ್ ಅಮ್ಮಾವ್ರು ನನ್ನ ಅಂಗಡೀಲಿ ನಿಂತು ಬೈದು ಹೋದ್ರು. ಶುಕ್ರವಾರ ಅವರ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯೋರ ಮುಂದೆ ಆ ಹುಡುಗಿ ತಾಯಿ-ಮಗು ಎರಡನ್ನೂ ಸೇರಿಸಿ ಬಾರಿಸ್ಬೇಕು. ನಾಳೆ ನೀನೇ ಹೋಗಿ ಅಲ್ಲಿ ಕೂತು ಸರಿಮಾಡು."

"ಆ ಬೀದಿ..."

"ಬೀದಿ ಸುದ್ದಿ ಎತ್ತಬೇಡ. ಇನ್ನೊಂದು ಸಲ ಇದು ವಾಪಸ್ ಬಂದ್ರೆ ಈ ಮನೆಗೆ ನನ್ನ ಕಡ್ಡಿ ಬರಲ್ಲ. ಎಲ್ಲಾ ಪೆರೋನಂಗೆ ಹೋಗುತ್ತೆ. ನನಗೂ ಹೆಸರಿದೆ ಕಣವ್ವ, ಕಾಗೆ ಪುಕ್ಕದಿಂದ ಅದು ಹಾಳಾಗೋದು ಬೇಡ."

ಅವರು ಹೋದ ಮೇಲೆ ಯೋಸೀನ ತೊಟ್ಟಿಲ ಪಕ್ಕ ಕೂತಳು. ಮಗುವಿನ ಪಕ್ಕದಲ್ಲೇ ಕೂತು ಮಾಡಬಹುದಾದ ಕೆಲಸ ಅವಳಿಗೆ ಗೊತ್ತಿದ್ದುದು ಇದೊಂದೇ. ಇದು ತಪ್ಪಿದರೆ ನದಿ ದಂಡೆಯ ಬಟ್ಟೆ ಒಗೆಯುವ ಮನೆಗಳೇ ಗತಿ. ಬೆಳಗಿನಿಂದ ಸಂಜೆಯವರೆಗೆ ಲೀನ್ಕೆ ಅತ್ತೆಯ ಕೈಯಲ್ಲಿ. ಆಗ ಬಾಯಿ ಮೂಸಲಿಕ್ಕೂ ಯಾರೂ ಇರುವುದಿಲ್ಲ.

ಮರುದಿನ ಅವಳು ಲೀನ್ಕೆಯನ್ನು ಬೆನ್ನಿಗೆ ಕಟ್ಟಿಕೊಂಡಳು. ಸುತ್ತಿದ ಬಟ್ಟೆಗೆ ವಿನೆಗರ್ ಚಿಮುಕಿಸಿದಳು. ಚಾಕು, ಗರಿಗಳ ಕಟ್ಟು, ಕಡ್ಡಿಗಳ ಪೆಟ್ಟಿಗೆ ಎತ್ತಿಕೊಂಡು ಹೊರಟರೆ, ದಿಗ್ನಾ ಮರದ ಜೋಡು ಮೆಟ್ಟಿ, ಕೈಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ನೀವೆಲ್ಲಿಗೆ?"

"ನೀನು ಗರಿ ಕತ್ತರಿಸ್ತೀಯೋ, ಮಗು ಹಿಡ್ಕೋತೀಯೋ? ಎರಡೇ ಕೈ ಕೊಟ್ಟಿರೋದು ದೇವರು."

ಹುಲ್ಲು ಕಟ್ಟಿದ ಬಾಗಿಲು ಬಂತು. ಒಬ್ಬ ಮುದುಕ ಹೊಸ್ತಿಲಲ್ಲಿ ಕೂತು ಹಸಿರು ಗಾಜಿನ ಹೂಜಿಯೊಂದಕ್ಕೆ ಹುಲ್ಲು ಸುತ್ತುತ್ತಿದ್ದ. ಜನರನ್ನು ನಂಬಿಸಲಿಕ್ಕೇ ಸುತ್ತುತ್ತಿದ್ದಾನೇನೋ ಎಂದುಕೊಂಡು ಯೋಸೀನ ಉಸಿರು ಬಿಗಿಹಿಡಿದು ದಾಟಿದಳು.

ಸ್ಟೆವೆನ್ಸರ ಮನೆಯ ಮಹಡಿಯ ಕೋಣೆಯಲ್ಲಿ ತಾಯಿ ಕಿಟಕಿಯ ಬೆಳಕಿಗೆ ಮುಖಮಾಡಿ ಕೂತಿತ್ತು. ಒಳಗಿನ ಹಲಗೆಯ ತುಂಬ ಚಿತ್ರ: ನೀಲಿ ಬಳ್ಳಿ, ಟ್ಯುಲಿಪ್ ಹೂ, ಒಂದು ಬಸವನ ಹುಳು. ಹೊರೆಯಾಳು ವಾದ್ಯದ ಮಗುವನ್ನು ಹೊತ್ತು ತಂದು ಅದರ ಬೆನ್ನ ಮೇಲೇರಿಸಿ ಹೋದ. ಮದುವಣಗಿತ್ತಿ ಕ್ಲಾರ ಉಗುರು ಕಚ್ಚುತ್ತ ನಿಂತಿದ್ದಳು. ಮೂಲೆಯಲ್ಲಿ ನಲವತ್ತರ ಪ್ರಾಯದ ಕೆಲಸದಾಕೆ ತ್ರೈನ್, ಕಣ್ಣು ಕೆಂಪಗೆ.

"ನಿನ್ನ ಗರಿ ಮಡಚೋಳು ಇಲ್ಲೇ ಇದಾಳೆ ನೋಡು," ಎಂದರು ಅಮ್ಮಾವ್ರು, ತ್ರೈನ್ ಕಡೆ ಗದ್ದ ಎತ್ತಿ. "ಧೂಳೊರೆಸೋ ನೆಪ. ನಿಶ್ಚಿತಾರ್ಥ ಮುಗೀಲಿ ಅಂತ ಕಾಯ್ತಿದೀನಿ. ಆಮೇಲೆ ಅವಳ ಗಂಟುಮೂಟೆ ಬೀದಿಗೆ."

"ಮಾತೆ ಮರಿಯಮ್ಮನ ಮೇಲಾಣೆ ಅಮ್ಮಾವ್ರೇ, ಆ ಪೆಟ್ಟಿಗೆ ಒಳಗೆ ಕೈ ಹಾಕೋದು ಹೇಗೆ ಅಂತ್ಲೂ ಗೊತ್ತಿಲ್ಲ ನಂಗೆ."

ಯೋಸೀನ ತ್ರೈನಳ ಉಗುರುಗಳನ್ನು ನೋಡಿದಳು. ಉದ್ದವೇ ಇದ್ದವು. ಪೆರೋನ ಅಲ್ಲದಿದ್ದರೆ ಇವಳು. ಯಾರೋ ಒಬ್ಬರು ಸಿಕ್ಕರಲ್ಲ.

ಬಾಗಿದ ಹನ್ನೊಂದಕ್ಕೂ ಹೊಸ ಗರಿ ತೊಡಿಸಲು ಚಾಕು ಎತ್ತಿಕೊಂಡಳು. ಎರಡು ಕೈಯೂ ಬೇಕು, ಎರಡು ಕಣ್ಣೂ ಬೇಕು. ಬೆನ್ನ ಮೇಲೆ ಲೀನ್ಕೆ ಕೂದಲೆಳೆದು ಅಳತೊಡಗಿತು.

"ಇತ್ತ ಕೊಡು," ಎಂದಳು ದಿಗ್ನಾ.

ಯೋಸೀನ ಕೊಡಲಿಲ್ಲ. ಒಂದು ಗರಿ ಕತ್ತರಿಸಿದಳು, ಸೊಟ್ಟಗಾಯಿತು. ಇನ್ನೊಂದು ಕತ್ತರಿಸಿದಳು, ಬೆರಳು ಕುಯ್ದುಕೊಂಡಳು. ಕ್ಲಾರ ಕಿಟಕಿಯ ಕಡೆ ತಿರುಗಿ ನಿಟ್ಟುಸಿರಿಟ್ಟಳು. ಕೊನೆಗೆ ಯೋಸೀನ ಗಂಟು ಬಿಚ್ಚಿ ಮಗುವನ್ನು ಅತ್ತೆಯ ಕೈಗಿತ್ತಳು. ದಿಗ್ನಾ ಅದನ್ನೆತ್ತಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಳು, ಯೋಸೀನಳ ಕಣ್ಣಿಗೆ ಬೀಳದಲ್ಲಿ.

ಹನ್ನೊಂದೂ ಮೊದಲಿನ ಅಳತೆಗೇ ಮುಗಿದವು. "ಒಮ್ಮೆ ಬಾರಿಸಿ ಅಮ್ಮಣ್ಣಿ, ಮೆಲ್ಲಗೆ," ಎಂದು ಯೋಸೀನ ಬಗ್ಗಿ, ಮಗುವಿನ ತಂತಿಗಳ ಮಟ್ಟಕ್ಕೆ ಕಣ್ಣಿಟ್ಟಳು. ಕ್ಲಾರ ತಾಯಿಯ ಕೀಲಿಯೊಂದನ್ನು ಒತ್ತಿದಳು. ತಾಯಿ ನುಡಿಯಿತು. ಮೇಲೆ ಮಗುವಿನ ಕಡ್ಡಿ ಎದ್ದಿತು, ಮೊನೆ ತಂತಿಗೆ ತಾಗಿತು, ತಂತಿಯನ್ನು ಎತ್ತಿತು, ಮತ್ತೆ ಅಲ್ಲೇ ನಿಂತುಬಿಟ್ಟಿತು. ತಂತಿಯನ್ನು ದಾಟಲಿಲ್ಲ.

"ನೋಡಿದ್ಯಾ? ಮತ್ತೆ ಮೂಕ!" ಎಂದು ಕ್ಲಾರ ಸಿಟ್ಟಿನಿಂದ ಅದೇ ಕೀಲಿಯನ್ನು ಗುದ್ದಿದಳು. ಯೋಸೀನಳ ಕಣ್ಣೆದುರಿಗೇ ಗರಿ ನಡುವಿನಲ್ಲಿ ಬಾಗಿತು. ಉಗುರಿನಿಂದ ಮಡಚಿದ ಹಾಗೆ.

ಯಾರ ಕೈಯೂ ಒಳಗಿರಲಿಲ್ಲ.

ಅವಳಿಗೆ ಎಲ್ಲ ತಿಳಿದುಹೋಯಿತು. ಮೇಜಿನ ಮೇಲೆ ಒಂಟಿಯಾಗಿಟ್ಟು ಬಾರಿಸಿದರೆ ಮಗುವಿನ ಕೀಲಿ ತಳದವರೆಗೆ ಇಳಿಯುತ್ತದೆ, ಕಡ್ಡಿ ಪೂರ್ತಿ ಏಳುತ್ತದೆ. ಉದ್ದದ ಗರಿಯೂ ತಂತಿಯನ್ನು ದಾಟುತ್ತದೆ. ಇಲ್ಲಿ ಮಗುವನ್ನು ಎತ್ತುವುದು ತಾಯಿಯ ಕಡ್ಡಿ. ಅದು ಎತ್ತಿದಷ್ಟೇ ಏಳಬೇಕು, ಅದಕ್ಕೆ ತಕ್ಕಂತೆ ಗರಿ ಗಿಡ್ಡವಿರಬೇಕು. ಮಗುವಿನ ಗರಿಯನ್ನು ತಾಯಿ ಬೆನ್ನ ಮೇಲೇ ಕತ್ತರಿಸು. ವಾಲ್ಬುರ್ಗ್ ಮೊದಲ ವಾರದಲ್ಲೇ ಹೇಳಿದ್ದ ಮಾತು. ಮೂರು ಸಲವೂ ತಾಯಿಯಿಂದ ಮಗುವನ್ನು ಅಗಲಿಸಿ ತನ್ನ ಅಡುಗೆಮನೆಗೆ ತರಿಸಿಕೊಂಡವಳು ಬೇರಾರೂ ಅಲ್ಲ.

"ಏನಾಯ್ತು? ಹೇಳು, ಇವಳೇ ತಾನೆ?" ಎಂದರು ಅಮ್ಮಾವ್ರು.

ಹೂಂ ಎಂದರೆ ಮುಗಿಯುತ್ತಿತ್ತು. ಗರಿಯನ್ನು ಸದ್ದಿಲ್ಲದೆ ಗಿಡ್ಡ ಮಾಡಿ ಹೊರಟರೆ ಗೊಮ್ಮಾರ್‌ಗೂ ಗೊತ್ತಾಗುತ್ತಿರಲಿಲ್ಲ. ಯೋಸೀನ ತಿರುಗಿದಳು. ತ್ರೈನ್ ತನ್ನ ಎರಡೂ ಕೈಗಳನ್ನು ಮುಂದಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದಳು, ಉಗುರು ಕಾಣದಂತೆ.

"ಯಾರೂ ಮಡಚಿಲ್ಲ ಅಮ್ಮಾವ್ರೇ," ಎಂದಳು ಯೋಸೀನ. "ನಾನೇ ಉದ್ದ ಕತ್ತರಿಸಿದೀನಿ. ತಾಯಿ ಇಲ್ದೆ ಮಗೂನ ಸರಿಮಾಡೋಕೆ ಹೋದೆ. ಹಾಗೆ ಮಾಡಬಾರದು ಅಂತ ನಮ್ಮಲ್ಲಿ ಕೂಸಿಗೂ ಗೊತ್ತು."

ತ್ರೈನ್ ಮುಂದಂಗಿಯಿಂದ ಮೂಗೊರೆಸಿಕೊಂಡು ಕೋಣೆಯಿಂದ ಹೊರಟುಹೋದಳು. ಆಚೆ ಮೆಟ್ಟಿಲ ಮೇಲೆ ಅವಳು, "ಮೂರು ವಾರ ಅಳಿಸಿದ್ಲು ಗೂಬೆ!" ಎಂದದ್ದು ಎಲ್ಲರಿಗೂ ಕೇಳಿಸಿತು.

ಯೋಸೀನ ನಲವತ್ತೈದು ಗರಿಗಳನ್ನೂ ತಾಯಿಯ ಬೆನ್ನ ಮೇಲೆಯೇ ಒಂದೊಂದಾಗಿ ತಿದ್ದಿದಳು. ಇಗರ್ಜಿಯ ಗಂಟೆ ಮೂರು ಸಲ ಬಾರಿಸಿತು. ಅಷ್ಟು ಹೊತ್ತೂ ಅವಳು ಹಿಂದಿರುಗಿ ನೋಡಲಿಲ್ಲ. ಕೊನೆಗೆ ಕ್ಲಾರ ಕೂತು ಬಾರಿಸಿದಾಗ ಕೆಳಗಿನದೂ ಮೇಲಿನದೂ ಒಂದೇ ಗಂಟಲಿನಿಂದ ಬಂದಂತೆ ನುಡಿದವು. ಆಗಷ್ಟೇ ತಿರುಗಿ ನೋಡಿದಳು. ದಿಗ್ನಾಳ ಮಡಿಲಲ್ಲಿ ಲೀನ್ಕೆ ಬಾಯಿ ಅರೆತೆರೆದು ಗಾಢ ನಿದ್ದೆಯಲ್ಲಿತ್ತು. ಯೋಸೀನ ಮಂಡಿಯೂರಿ ಬಾಯಿ ಮೂಸಿದಳು. ಅದೇ ವಾಸನೆ.

"ಅತ್ತೆ." ಈ ಸಲ ನೆಟ್ಟಗೇ ಕೇಳಿದಳು. "ಮಗೂಗೆ ಏನು ಕೊಡ್ತೀರಿ? ಗಸಗಸೆ ನೀರಾ?"

"ಗಸಗಸೇನಾ!" ದಿಗ್ನಾಳ ಕಣ್ಣು ಕೆಂಡವಾಯಿತು. ಕೈಚೀಲದಿಂದ ಪುಟ್ಟ ಮಣ್ಣಿನ ಹೂಜಿ ತೆಗೆದು ಮೂಗಿಗೆ ಹಿಡಿದಳು. "ಬಿಯರು. ರೊಟ್ಟಿ ಚೂರು ನೆನೆಸಿ ಎರಡು ಚಮಚ. ನಿನ್ನ ಗಂಡಂಗೂ ಇದನ್ನೇ ತಿನ್ನಿಸಿ ಬೆಳೆಸಿದ್ದು."

"ಅದಕ್ಕೇ ಅವರು ಮನೆಗೆ ಬಂದಾಗೆಲ್ಲಾ ಮಲಗೇ ಇರ್ತಾರೆ."

ದಿಗ್ನಾ ನಗು ತಡೆಯಲು ನೋಡಿದಳು, ಆಗಲಿಲ್ಲ. "ಹೇಳಿದ್ರೆ ನೀನು ಬಿಡ್ತಿದ್ಯಾ? ಬಾವೀಗೂ ಮುಚ್ಚಳ ಹಾಕೋಳು ನೀನು. ಅದಕ್ಕೇ ಹೇಳ್ಲಿಲ್ಲ."

ಶುಕ್ರವಾರದ ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ಶನಿವಾರ ಗೊಮ್ಮಾರ್ ಕರೆಸಿ ನಿಲ್ಲಿಸಿಕೊಂಡರು. ಅಮ್ಮಾವ್ರು ಎಲ್ಲ ಹೇಳಿದ್ದರು.

"ವಾಲ್ಬುರ್ಗ್ ಕೈಲಿ ಕಲಿತೋಳು ಇಂಥ ತಪ್ಪು ಮಾಡೋದಾ?" ಎಂದರು. ಕಡ್ಡಿಗಳ ಕಟ್ಟೊಂದನ್ನು ಅವಳ ಕಡೆ ತಳ್ಳಿ ಮತ್ತೆ ಅಂದರು: "ಕಡ್ಡಿ ನಿನ್ನ ಮನೆಗೇ ಬರುತ್ತೆ. ಆದ್ರೆ ವರ್ಷ ತುಂಬೋವರೆಗೆ ತಾಯಿ-ಮಗು ಎಲ್ಲಾ ಪೆರೋನಂಗೆ."

"ಅವಳು ಎಲ್ಲಿ ಕೂತು ಕತ್ತರಿಸ್ತಾಳೆ ಅಂತ ನೋಡ್ಕೊಳ್ಳಿ," ಎಂದು ಯೋಸೀನ ಹೊರಬಂದಳು.

ಆಮೇಲೂ ಅವಳು ಮೂವತ್ತು ವರ್ಷ ಗರಿ ಕತ್ತರಿಸಿದಳು. ವಾದ್ಯಗಳ ಮೇಲೆ ಇರುತ್ತಿದ್ದುದು ಯಜಮಾನರ ಹೆಸರು. ಒಳಗೆ ನುಡಿಯುತ್ತಿದ್ದುದು ಅವಳ ಕೈ. ವರ್ಷ ತುಂಬಿ ಮತ್ತೆ ತಾಯಿ-ಮಗುವಿನ ಕೆಲಸ ಬಂದ ದಿನ ಮಗಳನ್ನು ಅತ್ತೆಯ ಬಳಿಯೇ ಬಿಟ್ಟು, ತಾಯಿಯಿದ್ದ ಮನೆಗೇ ಹೊರಟಳು. ಹೊರಡುವ ಮುನ್ನ, ಅತ್ತೆ ಅಂಗಳದಲ್ಲಿದ್ದಾಗ, ಬಿಯರಿನ ಹೂಜಿಯ ಒಳಗೋಡೆಗೆ, ಸರಿಯಾಗಿ ಬಿಯರಿನ ಮಟ್ಟಕ್ಕೆ, ಸೂಜಿಮೊನೆಯಿಂದ ಮಸಿಯ ಒಂದು ಚುಕ್ಕೆ ಇಟ್ಟಳು.

ಸಂಜೆ ಬಂದು ನೋಡಿದರೆ ಬಿಯರು ಚುಕ್ಕೆಯ ಮಟ್ಟಕ್ಕೇ ಇತ್ತು. ಯೋಸೀನ ಒಂದು ಗುಟುಕು ಕುಡಿದು ನೋಡಿದಳು. ನೀರುನೀರಾಗಿತ್ತು.